ಹಳೇ ಸರ್ವರ್‌ಗೆ ತಿಳಿಯದ ಸಾಲು

"ಏಳನೇ ಕ್ಲಾಸಿಗೇ ಶಾಲೆಗೆ ಟಾಟಾ ಹೇಳಿದವನ ಕೈಗೆ ಸರ್ವರ್ ಕೊಟ್ರೆ ಇನ್ನೇನಾಗುತ್ತೆ? ಕೆಟ್ಟಿರೋದು ಡಿಸ್ಕ್ ಅಲ್ಲ ಕಣಯ್ಯಾ, ನಿನ್ನ ತಲೆ!"

ರಕ್ತನಿಧಿಯ ಮ್ಯಾನೇಜರ್ ಅಷ್ಟೂ ಜನರೆದುರು ಕೂಗಿದರು. ಯಾರೋ ಕಿಸಕ್ಕೆಂದರು. ಎಲ್ಲರೂ ಸಿಡುಕ ಎಂದೇ ಕರೆಯುವ ಅವನು ಹಲ್ಲು ಕಚ್ಚಿ ನಿಂತ. ಬಾಯಿ ಬಿಟ್ಟರೆ ಪಕ್ಕದ ಕುರ್ಚಿಯ ಹುಡುಗಿಯ ಕೆಲಸ ಹೋಗುತ್ತದೆ.

ಹಳೇ ಸರ್ವರ್‌ನ ಡಿಸ್ಕ್ ಕೆಟ್ಟಿತ್ತು. ಹೊಸದನ್ನು ಕೂರಿಸಿ ಬ್ಯಾಕಪ್ ತುಂಬಲು ಹೋದರೆ ಅದು ಮೊದಲಲ್ಲೇ ಮುಗ್ಗರಿಸುತ್ತಿತ್ತು. ರಕ್ತ ಕೊಟ್ಟವರ ಹೆಸರು, ಗುಂಪು, ಎಲ್ಲವೂ ಅದರೊಳಗೆ. ಆ ಬ್ಯಾಕಪ್ ತೆಗೆದವಳು ಅವಳೇ. ಹೊಸದಾಗಿ ಸೇರಿದವಳು, ಕೆಲಸ ಇನ್ನೂ ಕಾಯಂ ಆಗಿಲ್ಲ. ತನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಹೊಚ್ಚಹೊಸ ಟೂಲ್‌ನಿಂದ ತೆಗೆದಿದ್ದಳು.

ಸರ್ವರ್ ಕೋಣೆಯ ಚಳಿಯಲ್ಲಿ ಅವಳು ನಡುಗುತ್ತಿದ್ದಳು. ಅವನು ತನ್ನ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ಬ್ಯಾಕಪ್ ತೆಗೆದಿದ್ದು ನಾನೇ ಅಂತ ಹೇಳಿಬಿಡ್ತೀನಿ."

"ಸುಮ್ನಿರಿ. ಈ ಸರ್ವರ್ ಏನು ಗೊಣಗ್ತಿದೆ, ಮೊದ್ಲು ಅದನ್ನ ನೋಡಿ."

"ನಿಮ್ಮಷ್ಟು ಗೊಣಗ್ತಿಲ್ಲ ಬಿಡಿ." ನಗಲು ಹೋದಳು, ಕಣ್ಣು ತುಂಬಿಬಂತು.

ನಾಳೆ ಅವಳ ಈ ಕುರ್ಚಿ ಖಾಲಿಯಿದ್ದರೆ? ಅವನು ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಅವಳು ತೆರೆಯತ್ತ ಬಾಗಿದಳು. ಜಾರಿದ ಮುಂಗುರುಳು ಅವನ ಮಣಿಕಟ್ಟಿಗೆ ತಾಗಿತು.

"ಇಲ್ನೋಡಿ. ಹೊಸ ಟೂಲ್ ಬ್ಯಾಕಪ್ ಫೈಲಿನ ಮೇಲ್ಗಡೆ ತನ್ನ ಕಾಲದ ಸೆಟ್ಟಿಂಗ್ ಬರೆದಿದೆ. ಈ ಸರ್ವರ್ ಮುದುಕನಿಗೆ ಅದು ಗೊತ್ತೇ ಇಲ್ಲ, ಅಲ್ಲೇ ನಿಂತುಬಿಡ್ತಾನೆ. ಇನ್ನೊಂದು ಕಾಪಿ ಮಾಡಿ, ಅದ್ರಲ್ಲಿ ಈ ಸಾಲು ತೆಗೆದು ನೋಡೋಣ್ವಾ?"

"ಹೆಸರುಗಳೂ ಹೋಗಿದ್ರೆ?"

"ಹೆದರಿಸ್ಬೇಡ ಕಣೋ!"

ಮೊದಲ ಸಲದ ಏಕವಚನ. ಇಬ್ಬರೂ ತೆರೆಯನ್ನೇ ದಿಟ್ಟಿಸಿದರು.

ಅವಳು ಎಂಟರ್ ಒತ್ತಿದಳು. ಇನ್ನೊಂದು ಕೈ ಅವನ ಶರ್ಟಿನ ತೋಳನ್ನು ಹಿಡಿದಿತ್ತು. ಏನೂ ಬರಲಿಲ್ಲ. ಕರ್ಸರ್ ಮಿಟುಕಿತು, ಮತ್ತೆ ಮಿಟುಕಿತು. ಉಸಿರಾಡಲೂ ಭಯ. ಆಮೇಲೆ ಒಂದೊಂದಾಗಿ ಪಟ್ಟಿಗಳು ತುಂಬತೊಡಗಿದವು.

ಪರೀಕ್ಷೆಗೆಂದು ಅವಳು ಹುಡುಕಿದ್ದು ಅವನ ಹೆಸರನ್ನು. ಸಿಕ್ಕಿತು.

"ನೀನೂ ಕೊಟ್ಟಿದ್ದೀಯಾ? ಈ ಸಿಡುಕು ರಕ್ತ ಯಾರಿಗೆ ಹೋಯ್ತೋ, ಪಾಪ!"

ಅವನು ನಗುವಷ್ಟರಲ್ಲಿ ಅವಳು ಎದ್ದು ಹೊರಗೆ ನಡೆದಾಗಿತ್ತು. ಬೇಡ ಅನ್ನಲೂ ಬಿಡಲಿಲ್ಲ.

"ಸರ್, ಎಲ್ಲ ವಾಪಸ್ ಬಂದಿದೆ. ಹೊಸ ಟೂಲ್‌ನಿಂದ ಬ್ಯಾಕಪ್ ತೆಗೆದಿದ್ದು ನಾನು. ಇವರದ್ದೇನೂ ತಪ್ಪಿಲ್ಲ."

ಅದೇ ಜನ. ಈಗ ಯಾರೂ ನಗಲಿಲ್ಲ. ಮ್ಯಾನೇಜರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾಳೆ ನನ್ನ ರೂಮಿಗೆ ಬನ್ನಿ." ಆಮೇಲೆ ಅವನತ್ತ ತಿರುಗಿದರು. "ಮತ್ತೆ ನೀನ್ಯಾಕಯ್ಯಾ ಸುಮ್ನೆ ಬೈಸಿಕೊಂಡು ನಿಂತೆ?"

ಅವಳೂ ಅವನನ್ನೇ ನೋಡುತ್ತಿದ್ದಳು. ಉತ್ತರ ತನಗೇ ಬೇಕೆಂಬಂತೆ, ಜಾಕೆಟ್‌ನ ಕಾಲರನ್ನು ಎರಡೂ ಕೈಯಲ್ಲಿ ಬಿಗಿಹಿಡಿದು.

ಅವನು ಜಾಕೆಟ್ ವಾಪಸ್ ಕೇಳಲಿಲ್ಲ. "ನಾಳೆನೂ ಒಳಗೆ ಚಳಿ ಇರುತ್ತೆ, ಇಟ್ಕೋ," ಎಂದು ಅವಳಿಗೆ ಗೊಣಗಿ ಬಾಗಿಲು ದಾಟಿ ನಡೆದುಬಿಟ್ಟ.