ಸೋಮವಾರದ ಸುತ್ತು

ಹೊಲದಲ್ಲಿ ಹತ್ತಿ ಒಡೆದಿದ್ದ ಕಾಲ. ಕಾರ್ತಿಕದ ಕೊನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ.

ಮೂಟೆ ಎತ್ತುವ ಕೊಕ್ಕೆಯ ತುದಿ ನನ್ನ ಗಂಟಲಿನ ಮೇಲಿತ್ತು.

ಕೊಕ್ಕೆ ಹಿಡಿದವನು ಹುಲುಗೇಶ್. ಕೊಟ್ಟೂರಿನ ಗೋದಾಮೊಂದರಲ್ಲಿ ಹಮಾಲಿ. ವಯಸ್ಸು ಮೂವತ್ತು. ನನಗೆ ಅರವತ್ತೆಂಟು. ನನ್ನ ಬೆನ್ನಿಗೆ ಅವನ ಮನೆಯ ಗೋಡೆ. ಓಡಲು ಜಾಗವಿಲ್ಲ... ಇದ್ದರೂ ಓಡುವ ಕಾಲು ನನ್ನದಲ್ಲ.

“ನಮ್ಮಪ್ಪನ್ನ ನುಂಗಿದಿ,” ಅಂದ. “ಈಗ ನಮ್ಮ ತಂಗಿನ್ನ ಹುಡಿಕ್ಕೊಂಡು ಬಂದಿ?”

ಗಂಟಲ ಮೇಲೆ ಕಬ್ಬಿಣ ಇದ್ದಾಗ ಮಾತು ಕಡಿಮೆ ಇರಬೇಕು. ಒಂದು ಹನಿ ರಕ್ತ ಅಂಗಿಯ ಕಾಲರಿಗೆ ಇಳಿಯಿತು. ಅವನ ಉಸಿರು ಸ್ವಲ್ಪ ತಣ್ಣಗಾಗುವವರೆಗೆ ಕಾದೆ.

“ಜೇಬಿನಾಗ ಒಂದು ಕಾಗದ ಐತಿ,” ಅಂದೆ. “ನನಗ ಓದಾಕ ಬರಂಗಿಲ್ಲ. ನೀ ಓದು. ಆಮ್ಯಾಲೆ ಎಳೆಯೋದಿದ್ರ ಎಳಿ.”

ಎಡಗೈಯಿಂದ ತೆಗೆದು ಓದಿದ. ಎರಡು ಸಲ ಓದಿದ. ಕೊಕ್ಕೆ ಕೆಳಗಿಳಿಯಿತು.

ಕಾಗದದಲ್ಲಿ ಅವನ ತಂಗಿ ಕೋಮಲಾಳ ಹೆಸರಿತ್ತು. ಎಕ್ಸ್‌ರೇಯಲ್ಲಿ ಎದೆ ಕೆಟ್ಟದ್ದು ಕಂಡಿತ್ತು. ಕಫದಲ್ಲಿ ಟಿಬಿ ಸಿಕ್ಕಿತ್ತು. ಕೆಳಗೆ ಹನ್ನೊಂದು ಸಹಿ.

ಆ ಹನ್ನೊಂದು ಸಹಿಯ ವಿಷಯ ಹೇಳಬೇಕು, ಕೇಳಿ.

ಕೊಟ್ಟೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕಿ ಪುಷ್ಪಲತಾ. ನಾನು ಮೂವತ್ತು ವರ್ಷ ದುಡಿದದ್ದು ಅವರ ಅಪ್ಪ ಶಿವಯೋಗಪ್ಪನವರ ಕೈಕೆಳಗೆ. ಅಪ್ಪ ಹೋದ ಮೇಲೆ ಮಗಳು ಗಾದಿಗೆ ಬಂದರು. ಬಂದವರೇ ಐದು ತಾಲೂಕು ತಿರುಗಿದರು. ಕೂಡ್ಲಿಗಿಯ ಶೇಂಗಾ ಮಿಲ್ಲು, ಹಗರಿಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಹಡಗಲಿಯ ಮೆಕ್ಕೆಜೋಳದ ಗೋದಾಮು, ಹರಪನಹಳ್ಳಿಯ ಮಂಡಕ್ಕಿ ಭಟ್ಟಿ, ತೆಲಿಗಿಯ ಇಟ್ಟಿಗೆ ಭಟ್ಟಿ... ಹೀಗೆ ಹನ್ನೊಂದು ಮಾಲೀಕರನ್ನು ಒಂದೇ ಚಾಪೆಯ ಮೇಲೆ ಕೂರಿಸಿದರು. ನಮ್ಮ ಆಳುಗಳು ಇವತ್ತು ನನ್ನಲ್ಲಿ, ನಾಳೆ ನಿಮ್ಮಲ್ಲಿ. ಒಬ್ಬರ ಕೆಮ್ಮು ಹನ್ನೊಂದು ಕಡೆ ತಿರುಗುತ್ತದೆ, ಒಬ್ಬರೇ ಔಷಧಿ ಕೊಟ್ಟರೆ ಏನು ಬಂತು ಅಂತ ಕೇಳಿದರಂತೆ. ಎಲ್ಲರೂ ಸೇರಿ ಒಂದು ವ್ಯಾನು ತಂದರು. ಒಳಗೆ ಎಕ್ಸ್‌ರೇ ಮಷಿನ್ನು. ರೋಗ ಸಿಕ್ಕವರಿಗೆ ಚಿಕಿತ್ಸೆ, ಮನೆಗೆ ರೇಷನ್, ವಾಸಿಯಾಗುವವರೆಗೆ ರಜೆ. ಮನೆಯವರಿಗೂ ಓಣಿಯವರಿಗೂ ಅದೇ ವ್ಯಾನು. ಕೆಲಸ ಎಲ್ಲಿಗೂ ಹೋಗುವುದಿಲ್ಲ. ಸಹಿ ಅದಕ್ಕೆ.

ಒಳ್ಳೆಯ ಕೆಲಸ. ನನಗೂ ಹಾಗೇ ಅನಿಸಿತ್ತು.

ಕಾಗದ ಮುಟ್ಟಿಸುವ ಕೆಲಸ ನನಗೆ ಬಂತು. ಆ ಶನಿವಾರ ಬೆಳಿಗ್ಗೆ ಈ ಕಾಗದ ಹಿಡಿದು ಮಿಲ್ಲಿನ ಅಂಗಳಕ್ಕೆ ಹೋದೆ. ಕೋಮಲಾ ಹತ್ತಿಯ ರಾಶಿಯ ಪಕ್ಕದಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿನ ಕಾಗದ ನೋಡಿದಳು.

ಹಿಂದಿನ ಗೋಡೆ ಹಾರಿ ಹೋದಳು.

ಯಾಕೆ ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ.

ಐದು ತಾಲೂಕಿನ ದುಡಿಯುವ ಮಂದಿ ನನ್ನನ್ನು ಸೋಮವಾರದ ಪಕ್ಕೀರಪ್ಪ ಅನ್ನುತ್ತಾರೆ. ಹಿಂದಿನ ಮಾಲೀಕರೂ ಹೀಗೇ ಒಂದಾಗಿದ್ದರು, ಬೇರೆ ಕಾರಣಕ್ಕೆ. ಕೆಮ್ಮುವವರನ್ನು, ಎದುರು ಮಾತಾಡುವವರನ್ನು ಯಾರೂ ಇಟ್ಟುಕೊಳ್ಳಬಾರದು ಅಂತ. ಬರೆದರೆ ಕೇಸಾಗುತ್ತದೆ. ಅದಕ್ಕೆ ಓದು ಬಾರದ, ಮರೆವು ಬಾರದ ನನ್ನನ್ನು ಹಿಡಿದರು. ಪ್ರತಿ ಸೋಮವಾರ ಗೇಟಿನಿಂದ ಗೇಟಿಗೆ ಹೋಗುತ್ತಿದ್ದೆ. ಗೇಟಿನವನ ಕಿವಿಯಲ್ಲಿ ಹೆಸರು ಹೇಳುತ್ತಿದ್ದೆ. ಅಷ್ಟೇ. ಕೈ ಎತ್ತಿದವನಲ್ಲ, ಬೈದವನಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸೋಮವಾರ ಬೊಮ್ಮಪ್ಪ ಅಂದಿದ್ದೆ. ಹುಲುಗೇಶನ ಅಪ್ಪ. ಅವನಿಗೂ ಕೆಮ್ಮೇ. ಮಿಲ್ಲಿನಿಂದ ಅವನನ್ನು ಹೊರಗೆ ಕಳಿಸಿದಾಗ ಅವನ ಬೆರಳು ಹಿಡಿದು ಒಂದು ಐದು ವರ್ಷದ ಹೆಣ್ಣುಮಗು ನಿಂತಿತ್ತು. ಆರು ಗೇಟಿನಲ್ಲಿ ಅವನಿಗೆ ಇಲ್ಲ ಅಂದರು. ಏಳನೆಯ ಗೇಟಿಗೆ ಅವನು ಹೋಗಲಿಲ್ಲ. ಹೋಗಲು ಉಳಿದಿರಲಿಲ್ಲ.

ಆ ಮಗು ಕೋಮಲಾ.

“ಎಲ್ಲಿ ಅದಾಳ?” ಅಂತ ಹುಲುಗೇಶನನ್ನು ಕೇಳಿದೆ.

ಅವನಿಗೂ ಗೊತ್ತಿರಲಿಲ್ಲ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಕೆಲಸ ಸಿಗುವ ಕಡೆ ಹೋಗಿರುತ್ತಾಳೆ ಅಂದ. ದುಡಿಯದೆ ಒಂದು ದಿನ ಕೂತವಳಲ್ಲ, ಯಾರ ಮನೆಯಲ್ಲೂ ಸುಮ್ಮನೆ ಉಂಡವಳಲ್ಲ ಅಂದ.

“ನೆಂಟರ ಮನಿ ನೀ ನೋಡು,” ಅಂದೆ. “ಗೇಟು ನಾ ನೋಡ್ತೀನಿ.”

ಈ ಮಾತು ನಾನು ಸಾಯುವವರೆಗೆ ನನ್ನ ನಾಲಿಗೆಯ ಮೇಲೆ ಇರುತ್ತದೆ.

ಸೋಮವಾರ ಹಳೆಯ ಸುತ್ತು ಹಾಕಿದೆ. ಪುಷ್ಪಲತಾ ಅವರು ಜೀಪು ಕೊಟ್ಟಿದ್ದರು. ಒಂದೇ ದಿನ, ಹನ್ನೊಂದು ಗೇಟು. ಪ್ರತಿ ಗೇಟಿನಲ್ಲೂ ಒಂದೇ ಮಾತು.

“ಕೋಮಲಾ. ಕೊಟ್ಟೂರಿನಾಕಿ. ಕೆಮ್ಮು ಐತಿ. ಬಂದ್ರೆ ನನಗ ಫೋನ್ ಹಚ್ರಿ.”

ಎಲ್ಲರೂ ತಲೆ ಆಡಿಸಿದರು. ಹಳಬರು ನಕ್ಕರು. ಬಹಳ ದಿನಕ್ಕೆ ಬಂದಿರಿ ಅಂದರು. ಚಹಾ ತರಿಸಿದರು.

ಮಂಗಳವಾರ ಕೂಡ್ಲಿಗಿಯಿಂದ ಫೋನು. ಬಂದಿದ್ದಾಳೆ ಅಂದರು. ಮುಕ್ಕಾಲು ಗಂಟೆಯಲ್ಲಿ ಹೋದೆ. ಇರಲಿಲ್ಲ. ಹೋದಳು ಅಂದರು. ಯಾವ ಕಡೆ? ಗೊತ್ತಿಲ್ಲ ಅಂದರು.

ಚುರುಕಾದ ಹುಡುಗಿ ಅಂದುಕೊಂಡೆ. ನನ್ನ ವಾಸನೆ ಹಿಡಿಯುತ್ತಾಳೆ ಅಂದುಕೊಂಡೆ. ದಡ್ಡ ನಾನು...

ಗುರುವಾರ ಹಗರಿಬೊಮ್ಮನಹಳ್ಳಿ. ಜೀಪು ಇರಲಿಲ್ಲ, ನನ್ನ ಟಿವಿಎಸ್ ಗಾಡಿಯಲ್ಲೇ ಹೋಗಿದ್ದೆ. ಗಾರ್ಮೆಂಟ್ಸ್ ಗೇಟಿಗೆ ತಿರುಗುವಷ್ಟರಲ್ಲಿ ಎದುರಿಗೆ ಕೆಂಪು ಬಸ್ಸು ಹೊರಟಿತು. ಕಿಟಕಿಯಲ್ಲಿ ಅವಳು. ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು.

ಅವಳೂ ನೋಡಿದಳು.

ಗಾಡಿ ತಿರುಗಿಸಿದೆ. ನಲವತ್ತರ ಮೇಲೆ ಅದು ಹೋಗುವುದಿಲ್ಲ. ಆದರೆ ಕೆಂಪು ಬಸ್ಸು ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುತ್ತದೆ. ಎರಡು ಸಲ ಹತ್ತಿರ ಹೋದೆ. ಎರಡು ಸಲ ಹೊಗೆ ಕುಡಿಸಿ ಮುಂದೆ ಹೋಯಿತು. ಲಾರಿಯೊಂದು ನನ್ನನ್ನು ರಸ್ತೆಯ ಬದಿಗೆ ತಳ್ಳಿತು. ಬಿದ್ದೆ. ಎದ್ದೆ. ಮೊಣಕಾಲು ತೆರೆದುಕೊಂಡಿತ್ತು. ಗಾಡಿ ಬಿಡಲಿಲ್ಲ.

ಇಟ್ಟಿಗಿ ಅನ್ನುವ ಊರಿನಲ್ಲಿ ಇಳಿದಳು. ಒಣಗಿ ನಿಂತ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದಳು.

ನಿಲ್ಲವ್ವಾ ಅಂತ ಕೂಗಿದೆ. ಕೂಗಿದಷ್ಟೂ ಗರಿ ಸದ್ದು ದೂರವಾಯಿತು. ನಾಲ್ಕು ಸಾಲು ದಾಟಿದೆ. ಒಂದು ಒಣಗರಿಯ ಮೇಲೆ ಹಸಿ ರಕ್ತ. ಬೆರಳಿಗೆ ಬೆಚ್ಚಗೆ ತಾಗಿತು.

ಅಲ್ಲೇ ನಿಂತೆ. ನಾನು ಬೆನ್ನಟ್ಟಿದರೆ ಅವಳು ಓಡುತ್ತಾಳೆ. ಓಡಿದರೆ ಇದು ಬರುತ್ತದೆ. ಅಷ್ಟು ಅರ್ಥವಾಯಿತು.

ಹೊರಗೆ ಬಂದರೆ ಊರಿನವರು ಕಾದಿದ್ದರು. ಮುದುಕ ಹುಡುಗಿಯ ಹಿಂದೆ ಬಿದ್ದಿದ್ದಾನೆ ಅಂತ ಬಸ್ಸಿನವರು ಹೇಳಿ ಹೋಗಿದ್ದರು. ಒಬ್ಬ ಕೆನ್ನೆಗೆ ಹೊಡೆದ. ಹಲ್ಲೊಂದು ಅಲ್ಲಾಡಿತು. ಇದ್ದದ್ದೇ ಏಳು. ಇನ್ನೊಬ್ಬ ಗಾಡಿಯ ಕೀಲಿ ಕಿತ್ತುಕೊಂಡ. ಕಾಗದ ತೋರಿಸಿದೆ. ಟಿಬಿ ಅಂತ ಓದಿದ ತಕ್ಷಣ ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಕೀಲಿ ನೆಲದ ಮೇಲೆ ಎಸೆದರು. ಕತ್ತಲಾಗುವವರೆಗೆ ಹೊಲದ ಬದುವಿನ ಮೇಲೆ ಕೂತೆ. ಅವಳು ಆ ಕಡೆಯಿಂದ ಹೊರಬಿದ್ದು ಹೋಗಿದ್ದಳು.

ಶನಿವಾರ ಹರಪನಹಳ್ಳಿಯಿಂದ ಫೋನು.

ಮಂಡಕ್ಕಿ ಭಟ್ಟಿಯ ಗೇಟಿನಲ್ಲಿ ಭೀಮೇಶ್ ಇರುತ್ತಾನೆ. ಮೊದಲು ಅವನ ಅಪ್ಪ ಇದ್ದ. ನನ್ನನ್ನು ನೋಡಿ ಎದ್ದು ನಿಂತ, ಸೊಂಟದ ಬೆಲ್ಟು ಸರಿಮಾಡಿಕೊಂಡ.

“ಎಲ್ಲಿ?” ಅಂದೆ.

“ಓಡಿಸೀನ್ರಿ.”

“ಏನಂದಿ?”

“ಕೆಲಸ ಕೇಳಿದ್ಲು, ಇಲ್ಲ ಅಂದೆ. ನೀರು ಕೇಳಿದ್ಲು. ಕೆಮ್ಮೋರಿಗೆ ಇಲ್ಲಿ ನೀರಿಲ್ಲ ಅಂದೆ. ಕೂತ್ಲು. ಎಬ್ಬಿಸಿದೆ.” ನಕ್ಕ. “ಕೂಡ್ಲಿಗಿಯವ್ರೂ ಹಂಗ ಮಾಡ್ಯಾರಂತ. ಹಗರಿಬೊಮ್ಮನಹಳ್ಳಿಯವ್ರೂ ಅಷ್ಟ. ಹಡಗಲ್ಯಾಗ ಬಡಿಗಿ ತೋರಿಸ್ಯಾರಂತ.”

“ಫೋನ್ ಹಚ್ಚು ಅಂದಿದ್ದೆ. ಓಡಿಸು ಅಂದಿದ್ನೇನೋ?”

ಭೀಮೇಶನಿಗೆ ನಿಜವಾಗಿಯೂ ತಿಳಿಯಲಿಲ್ಲ. ನನ್ನ ಮುಖವನ್ನೇ ನೋಡಿದ.

“ಅಜ್ಜಾ, ನೀವು ಹೆಸರು ಹೇಳಿದ್ರಿ. ಕೆಮ್ಮು ಐತಿ ಅಂದ್ರಿ. ಇನ್ನೇನು ತಿಳ್ಕೋಬೇಕ್ರಿ ನಾನು? ನಮ್ಮಪ್ಪ ಹೇಳಿಕೊಟ್ಟಾನ. ಪಕ್ಕೀರಪ್ಪ ಸೋಮವಾರ ಬಂದು ಯಾರ ಹೆಸರು ಹೇಳ್ತಾನ, ಅವರಿಗೆ ಗೇಟು ಇಲ್ಲ ಅಂತ.”

ಮಾಲೀಕರು ಸಹಿ ಮಾಡಿದ್ದರು. ಆಫೀಸಿನ ಗೋಡೆಗೆ ಅಂಟಿಸಿದ್ದರು. ಗೇಟಿನವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು. ನಾನು ನನಗೆ ಬರುವ ಒಂದೇ ರೀತಿಯಲ್ಲಿ ಹೇಳಿದ್ದೆ.

ಅವಳು ನನ್ನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಾನೇ ಅವಳಿಗಿಂತ ಮುಂಚೆ ಹೋಗಿ ಒಂದೊಂದೇ ಬಾಗಿಲು ಮುಚ್ಚಿ ಬಂದಿದ್ದೆ.

ಅಲ್ಲೇ ಕಲ್ಲಿನ ಮೇಲೆ ಕೂತು ಉಳಿದ ಗೇಟಿಗೆಲ್ಲ ಫೋನು ಮಾಡಿಸಿದೆ. ಬಂದರೆ ಕೂರಿಸಿ, ನೀರು ಕೊಡಿ, ಕೈ ಮುಗಿಯುತ್ತೇನೆ ಅಂದೆ. ಪಕ್ಕೀರಪ್ಪನಿಗೆ ವಯಸ್ಸಾಯಿತು ಅಂತ ಫೋನಿನ ಆ ಕಡೆ ಒಬ್ಬ ಪಕ್ಕದವನಿಗೆ ಹೇಳಿದ್ದು ಕೇಳಿಸಿತು.

ಭಾನುವಾರ ಬೆಳಿಗ್ಗೆ ತೆಲಿಗಿಯಿಂದ ಮಾಳಮ್ಮ ಮಾತಾಡಿದಳು. ಇಟ್ಟಿಗೆ ಭಟ್ಟಿಯಲ್ಲಿ ಅಡುಗೆ ಮಾಡುವವಳು. ಗೇಟು ಅವಳ ಕೆಲಸವಲ್ಲ, ಸೋಮವಾರದ ಪಾಠ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಹುಡುಗಿ ಇಟ್ಟಿಗೆಯ ಸಾಲಿನ ಹಿಂದೆ ಬಿದ್ದಿದೆ, ಗಂಜಿ ಕೊಟ್ಟಿದ್ದೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದಳು.

ಪುಷ್ಪಲತಾ ಅವರಿಗೆ ಹೇಳಿದೆ. ಅವರೇ ಕಾರು ಓಡಿಸಿಕೊಂಡು ಬಂದರು. ಹಿಂದೆ ಹುಲುಗೇಶ್.

ಹೇಳಬೇಕಾದವನು ನಾನೇ ಅಂತ ಒಬ್ಬನೇ ಮುಂದೆ ಹೋದೆ. ದೂರದಲ್ಲೇ ನೆಲದ ಮೇಲೆ ಕೂತೆ. ಎದ್ದು ನಿಂತರೆ ಹೆದರುತ್ತಾಳೆ.

ಹೆದರಲು ಅವಳಲ್ಲಿ ಏನೂ ಉಳಿದಿರಲಿಲ್ಲ.

“ಇದು ಎಷ್ಟನೇದು, ಅಜ್ಜಾ?” ಅಂದಳು. “ನಮ್ಮಪ್ಪ ಆರನೇದಕ್ಕ ಮುಗಿಸಿದ.”

“ಓಡಿಸಾಕ ಬಂದಿಲ್ಲವ್ವಾ. ಔಷಧಿ ಐತಿ. ಆರು ತಿಂಗಳು ಗುಳಿಗಿ ನುಂಗಿದ್ರ ಆರಾಮ ಆಗ್ತೀ. ಕೆಲಸ ಹೋಗಂಗಿಲ್ಲ. ಹನ್ನೊಂದು ಮಾಲೀಕರು ಕೂಡಿ ಸಹಿ ಹಾಕ್ಯಾರ.”

ಅವಳು ನಗಲು ನೋಡಿದಳು. ಕೆಮ್ಮು ಬಂತು. ಬಹಳ ಹೊತ್ತು ಬಂತು.

“ಹನ್ನೊಂದು ಮಂದಿ ಮಾಲೀಕರು ಕೂಡಿದ್ದು... ನಮಗ ಯಾವಾಗ ಚಲೋ ಆಗೇತಿ?”

ಕೂತಲ್ಲಿಂದಲೇ ಜರುಗಿ ಹತ್ತಿರ ಹೋದೆ. ಕಾಗದ ತೆಗೆದೆ. ಅದನ್ನು ಅವಳ ಕೈಯಲ್ಲಿ ಇಟ್ಟೆ. ಅವಳು ಏಳನೆಯ ತರಗತಿವರೆಗೆ ಓದಿದವಳು. ನಿಧಾನವಾಗಿ ಓದಿದಳು.

“ಇದನ್ನ ಆವತ್ತ ಹೇಳಬಾರದಿತ್ತಾ?” ಅಂದಳು.

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಕೇಳಿದಳು, ದಾರಿ ಕೇಳುವ ಹಾಗೆ.

ಹುಲುಗೇಶ್ ಎತ್ತಿಕೊಂಡ. ದಿನಕ್ಕೆ ನೂರು ಮೂಟೆ ಎತ್ತುವ ತೋಳು. ಏನೂ ಭಾರವಿಲ್ಲ ಅಂತ ಹೇಳಿ ಅತ್ತ.

ಆಸ್ಪತ್ರೆಯಲ್ಲಿ ಗುಳಿಗೆ ಶುರುವಾಯಿತು. ಆಕ್ಸಿಜನ್ ಹಾಕಿದರು. ಪುಷ್ಪಲತಾ ಅವರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತರು. ಐದು ದಿನ ಎದ್ದು ಮನೆಗೆ ಹೋಗಲಿಲ್ಲ. ಮೂರನೆಯ ದಿನ ಕೋಮಲಾ ಅರ್ಧ ಇಡ್ಲಿ ತಿಂದಳು. ಹುಲುಗೇಶ್ ಅದನ್ನು ಓಡಿಬಂದು ನನಗೆ ಹೇಳಿದ. ನನಗೇ ಬಂದು ಹೇಳಿದ, ನೋಡಿ... ಕೊಕ್ಕೆ ಇಟ್ಟಿದ್ದವನು.

ಡಾಕ್ಟರು ಎಳೆಯ ವಯಸ್ಸಿನವರು. ಮೆಲ್ಲಗೆ ಹೇಳಿದರು. ಎಂಟು ದಿನ ಮೊದಲು ತಂದಿದ್ದರೆ, ಓಡಾಡಿಸದೆ ತಂದಿದ್ದರೆ, ಅಂದರು.

ಎಂಟು ದಿನ. ಅದನ್ನು ನನಗೆ ಯಾರೂ ಎಣಿಸಿ ಹೇಳಬೇಕಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೋಮಲಾ ಹೋದಳು.

ಮುಂದಿನ ಸೋಮವಾರ ಪುಷ್ಪಲತಾ ಅವರು ಹನ್ನೊಂದು ಮಾಲೀಕರನ್ನೂ, ಅವರ ಗೇಟಿನವರನ್ನೂ ಮಿಲ್ಲಿನ ಅಂಗಳಕ್ಕೆ ಕರೆಸಿದರು. ಆಳುಗಳೂ ನಿಂತಿದ್ದರು. ಮಾಲೀಕರು ಕುರ್ಚಿ ಬಿಟ್ಟು ಗೇಟಿನವರ ಜೊತೆ ನೆಲದ ಮೇಲೆ ಕೂತರು. ಏನು ಹೇಳಬೇಕೋ ನೀವೇ ಹೇಳಿ ಅಂತ ನನಗೆ ಬಿಟ್ಟರು.

ನನಗೆ ಭಾಷಣ ಬರುವುದಿಲ್ಲ. ಹೆಸರು ಬರುತ್ತದೆ.

ಮೂವತ್ತು ವರ್ಷದಲ್ಲಿ ಕೆಮ್ಮು ಅಂತ ಕಿವಿಯಲ್ಲಿ ಹೇಳಿದ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಊರು ಸಮೇತ. ನಲವತ್ತಮೂರು. ನಡುವೆ ಎಲ್ಲೋ ಒಬ್ಬ ಹೆಂಗಸು ಅಳತೊಡಗಿದಳು, ಅದು ಅವಳ ಅತ್ತೆಯ ಹೆಸರಾಗಿತ್ತು. ಕೊನೆಗೆ ಉಳಿದದ್ದು ಕೋಮಲಾಳ ಹೆಸರು. ಭೀಮೇಶ್ ಎದ್ದು ನಿಂತು ಅದನ್ನು ಹೇಳಿದ.

ಆಮೇಲೆ ಹುಲುಗೇಶ್ ಹೋಗಿ ವ್ಯಾನು ಹತ್ತಿದ, ಎದೆಯ ಫೋಟೋ ತೆಗೆಸಲು. ಅವನ ಹಿಂದೆ ಇನ್ನೊಬ್ಬ. ಆಮೇಲೆ ಸಾಲು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಅದೇ ಸೋಮವಾರ ಕೆಲಸ ಬಿಟ್ಟು ಹೋದೆ.

ಗೇಟಿನಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ... ನನ್ನ ಹೆಸರನ್ನು ಅವರ ಕಿವಿಯಲ್ಲಿ ಯಾರೂ ಹೇಳಿರಲಿಲ್ಲ.