ಬಣ್ಣ ಹಿಡಿಯದ ಸೀಟು

"ಇನ್ನ ಈ ಸೀಟಿಗೆ ಒಂದ ಬೆರಳ ಸೈತ ತಾಗಬಾರದು. ತಿಳೀತಿಲ್ಲೋ?"

ಹೀಗೆನ್ನುತ್ತಾ ಸಿದ್ದಬಸಪ್ಪ ಮೇಸ್ತ್ರಿ ಕಾರಿನ ಹಿಂದಿನ ಬಾಗಿಲಿನಿಂದ ಹಿಮ್ಮುಖವಾಗಿ ಹೊರಬಂದರು. ಮೊದಲು ಅವರ ಕಾಲು ಬಂತು, ಆಮೇಲೆ ಹೊಟ್ಟೆ, ಕೊನೆಗೆ ಸ್ಪಿರಿಟ್ ವಾಸನೆಯ ಬಟ್ಟೆ ಹಿಡಿದ ಕೈ.

"ತಿಳೀತು," ಎಂದಳು ಗಂಗೋತ್ರಿ.

"ತಿಳೀತು," ಎಂದ ಅವಳ ಅಣ್ಣ ಗೋವರ್ಧನ್.

"ನಾನೇ ಫಸ್ಟ್ ಹೇಳಿದ್ದು," ಎಂದಳು ಗಂಗೋತ್ರಿ. ಐದನೇ ಕ್ಲಾಸಿನ ಈ ಹುಡುಗಿಗೆ ಎಲ್ಲದರಲ್ಲೂ ಮೊದಲಿರಬೇಕು, ಬೈಸಿಕೊಳ್ಳುವುದೊಂದನ್ನು ಬಿಟ್ಟು.

ಅದು ಅಪ್ಪನ ಹಳೆಯ ಅಂಬಾಸಡರ್ ಕಾರು. ಅಪ್ಪ ಗಂಗರಾಜು ಅದರಲ್ಲಿ ಜೀನ್ಸ್ ಸಾಗಿಸುತ್ತಾನೆ. ಕತ್ತರಿಸಿದ ಬಟ್ಟೆಯನ್ನು ಮನೆಮನೆಗೆ ಹೊಲಿಯಲು ಕೊಡುವುದು, ಹೊಲಿದ ಪ್ಯಾಂಟುಗಳನ್ನು ತುಂಬಿಕೊಂಡು ಬರುವುದು. ರಾಯದುರ್ಗದಲ್ಲಿ ಅರ್ಧ ಊರಿನ ಕೈಯೇ ನೀಲಿ. ಇನ್ನು ಕಾರಿನ ಸೀಟು ಬಿಟ್ಟೀತೆ? ಕೆನೆ ಬಣ್ಣದ ರೆಕ್ಸಿನ್ ತುಂಬ ನೀಲಿ ಕಲೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಂತೂ ಬಿಸಿಲು ತಿಂದು ತಿಂದು ಬೂದಿ ಬಳಿದುಕೊಂಡಂತೆ ಆಗಿತ್ತು. ಆಯುಧಪೂಜೆಗೆ ಮೊದಲು ಕಾರಿನ ಒಳಗೆಲ್ಲ ಹೊಸ ಬಣ್ಣ ಹೊಡೆಸಬೇಕೆಂದು ಅಪ್ಪ ಹಟ ಹಿಡಿದಿದ್ದ.

"ನೀಲಿನೇ ಹೊಡ್ಸಿ, ಕಲೆ ಆದ್ರೂ ಕಾಣಲ್ಲ," ಎಂದಿದ್ದಳು ಅಮ್ಮ, ಹೊಲಿಗೆ ಮಿಷನ್ ಮುಂದಿನಿಂದಲೇ.

"ಊರ ತುಂಬ ನೀಲಿ ಐತಲ್ರಿ ಅಕ್ಕಾರ, ಸಾಕಾಗಿಲ್ಲೇನ್ರಿ?" ಎಂದಿದ್ದರು ಮೇಸ್ತ್ರಿ. ಕೊನೆಗೆ ಕಾಫಿ ಬಣ್ಣ ಎಂದು ತೀರ್ಮಾನವಾಯಿತು.

ಬೆಳಗಿನಿಂದ ಮೇಸ್ತ್ರಿ ಸೀಟನ್ನು ಸೋಪಿನ ನೀರಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಸ್ಪಿರಿಟ್ ಹಾಕಿ ಒರೆಸಿದ್ದರು. ಈಗ ಸ್ಪ್ರೇ ಮಿಷನ್ ತರಲು ಹೊರಟು ನಿಂತರು.

"ಬಣ್ಣ ಅಂದ್ರ ಬೀಗರು ಇದ್ದಂಗ. ಜಾಗ ಸ್ವಚ್ಛ ಇದ್ದರ ಕುಂದರ್ತಾವ. ಇಲ್ಲಂದ್ರ ಎದ್ದು ನಡೀತಾವ," ಎಂದು ಹೇಳಿ ಸೈಕಲ್ ಹತ್ತಿದರು.

ಅಪ್ಪನೂ ಅಂಗಿ ಹಾಕಿಕೊಂಡು ಹೊರಟ. "ನಾನ್ ಬರೋಗಂಟ ಇಬ್ರೂ ಕಾಯ್ಕೊಂಡಿರಿ. ನಾಳೆ ನೇಮಕಲ್ಲು ಆಂಜನೇಯನ ಗುಡಿಗೆ ಹೋಗ್ತೀವಲ್ಲ, ನೆಟ್ಟಗೆ ಕಾಯ್ದೋರಿಗೆ ಫ್ರಂಟ್ ಸೀಟು."

ಫ್ರಂಟ್ ಸೀಟು! ಅಪ್ಪನ ಪಕ್ಕ ಒಬ್ಬರಿಗೇ ಜಾಗ. ಗಾಳಿಯೆಲ್ಲ ಅವರಿಗೇ. ದಾರಿಯಲ್ಲಿ ಕಣೇಕಲ್ಲು ಕೆರೆ ಮೊದಲು ಕಾಣುವುದೂ ಅವರಿಗೇ. ಪ್ರತಿ ಸಲ ದೊಡ್ಡವನು ಎಂಬ ನೆವದಲ್ಲಿ ಗೋವರ್ಧನನೇ ಅಲ್ಲಿ ಕೂರುತ್ತಿದ್ದ. ಈ ಸಲ ಬಿಟ್ಟುಕೊಡಬಾರದು ಎಂದು ಗಂಗೋತ್ರಿ ನಿರ್ಧರಿಸಿದಳು.

ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಿಂದ ಮಿರ್ಚಿ ಬಜ್ಜಿ ಕರಿಯುವ ವಾಸನೆ ಬಂತು. ಗೋವರ್ಧನ್ ಮೂಗು ಎತ್ತಿದ.

"ಐದೇ ನಿಮಿಷ," ಎಂದ.

"ಹೋಗು. ಡ್ಯೂಟಿ ಬಿಟ್ಟು ಹೋದ ಅಂತ ಅಪ್ಪಂಗೆ ಹೇಳ್ತೀನಿ," ಎಂದಳು ಗಂಗೋತ್ರಿ, ಖುಷಿಯಾಗಿ. ಅವನು ಹೋಗಿಯೇಬಿಟ್ಟ.

ಗಂಗೋತ್ರಿ ಬೇವಿನ ಮರದ ನೆರಳಲ್ಲಿ ಕೈ ಕಟ್ಟಿ ನಿಂತಳು. ಅಂದು ಶುಕ್ರವಾರ. ಅಜ್ಜಿ ಕದರಮ್ಮ ಬೆಳಗ್ಗೆಯೇ ಅವಳ ತಲೆಗೆ ಹರಳೆಣ್ಣೆ ಸುರಿದಿದ್ದಳು. ಹೊಲಿಗೆ ಕೆಲಸಕ್ಕೆಂದು ಈ ಮನೆಯವರು ಮಡಕಶಿರಾ ಸೀಮೆ ಬಿಟ್ಟು ರಾಯದುರ್ಗಕ್ಕೆ ಬಂದ ಮೇಲೆ ಮೊಮ್ಮಗಳ ತಲೆ ಒಣಗಿಹೋಗಿದೆ ಎನ್ನುವುದು ಅಜ್ಜಿಯ ಕೊರಗು. ದಸರಾ ರಜೆಗೆ ರತ್ನಗಿರಿ ಬೆಟ್ಟದ ಕೆಳಗಿನ ತನ್ನ ಹಳ್ಳಿಯಿಂದ ಬರುವಾಗ ಸೀಸೆಯ ತುಂಬ ಎಣ್ಣೆ ತಂದಿದ್ದಳು.

"ಮದ್ಯಾನದ ಗಂಟ ನೆನೀಲಿ ಕಣಮ್ಮಿ. ಆಮೇಲೆ ನೀರು ಉಯ್ತೀನಿ," ಎಂದು ಬಿಗಿಯಾಗಿ ಎರಡು ಜಡೆ ಹಾಕಿ ಬಿಟ್ಟಿದ್ದಳು. ಜಡೆಯ ತುದಿಯಿಂದ ಎಣ್ಣೆ ತೊಟ್ಟಿಕ್ಕುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಕೋಳಿ ಬಂತು. ಗಾಳಿಯಾಡಲೆಂದು ಕಾರಿನ ಬಾಗಿಲು ತೆರೆದೇ ಇತ್ತು. ಕೋಳಿ ಒಳಗೆ ಹಾರಿತು. ಗಂಗೋತ್ರಿಯೂ ಹಿಂದೆಯೇ ಹಾರಿದಳು. ಕೋಳಿ ಆಚೆ ಬದಿಯ ಬಾಗಿಲಿನಿಂದ ಹೊರಗೆ ಓಡಿತು, ಗಂಗೋತ್ರಿ ಒಳಗೇ ಉಳಿದಳು.

ಒಳಗೆ ತಂಪಾಗಿತ್ತು. ಕೋಳಿ ಮತ್ತೆ ಬರಬಹುದು. ಒಳಗೇ ಇದ್ದು ಕಾಯುವುದು ಹೆಚ್ಚು ಭದ್ರವಲ್ಲವೇ? ಮೇಸ್ತ್ರಿ ಹೇಳಿದ್ದು ಬೆರಳು ತಾಗಬಾರದು ಎಂದು. ಗಂಗೋತ್ರಿ ಮಾತಿಗೆ ತಪ್ಪುವ ಹುಡುಗಿಯಲ್ಲ. ಹತ್ತೂ ಬೆರಳನ್ನು ಹೊಟ್ಟೆಯ ಮೇಲೆ ಹೆಣೆದು ಇಟ್ಟುಕೊಂಡು, ಹಿಂದಿನ ಸೀಟಿನ ಮೇಲೆ ಹುಷಾರಾಗಿ ಅಂಗಾತ ಮಲಗಿದಳು. ಕಣ್ಣು ಮುಚ್ಚುವುದಿಲ್ಲ ಎಂದುಕೊಂಡಳು. ಮುಚ್ಚಿತು.

"ಎಲ್ಲಿ ಸತ್ತೋದೆ ಗಂಗೀ, ನೀರು ಕಾದೈತೆ," ಎಂದು ಅಜ್ಜಿ ಕೂಗಿದಾಗಲೇ ಎಚ್ಚರ. ಸರ್ರನೆ ಇಳಿದಳು. ಬಾನೆಟ್ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಮಿರ್ಚಿ ಇತ್ತು. ಅಣ್ಣ ಮರೆತು ಹೋಗಿರಬೇಕು. ಮರೆತವನದ್ದು ಸಿಕ್ಕವರ ಪಾಲು ಎಂದು ತಿಂದಳು. ತಣ್ಣಗಿತ್ತು, ಆದರೂ ಚೆನ್ನಾಗಿತ್ತು. ಕಾಗದವನ್ನು ಚಕ್ರದ ಪಕ್ಕ ಎಸೆದು ಸ್ನಾನಕ್ಕೆ ಓಡಿದಳು.

ಸಂಜೆ ಮೇಸ್ತ್ರಿ ಬಣ್ಣ ಹೊಡೆಯಲು ಶುರು ಮಾಡಿದರು. ಡ್ಯಾಶ್‌ಬೋರ್ಡ್ ಕಾಫಿ ಬಣ್ಣಕ್ಕೆ ತಿರುಗಿತು. ಬಾಗಿಲುಗಳು ತಿರುಗಿದವು. ಮುಂದಿನ ಸೀಟಂತೂ ಮದುವಣಗಿತ್ತಿಯಂತೆ ಆಯಿತು. ಹಿಂದಿನ ಸೀಟಿಗೆ ಬಂದಾಗ ಮಿಷನ್ ನಿಂತಿತು.

"ಗಂಗರಾಜಣ್ಣ, ಇಲ್ಲಿ ಬರ್ರಿ."

ಎಲ್ಲರೂ ಇಣುಕಿದರು. ಸೀಟಿನ ಒಂದು ಕಡೆ ಬಣ್ಣ ನಿಲ್ಲದೆ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಸರಿದುಹೋಗುತ್ತಿತ್ತು.

"ಎಣ್ಣಿ. ಯಾರೋ ಎಣ್ಣಿ ಮುಟ್ಟಿಸ್ಯಾರ. ಈಗ ಒರಸಿದ್ರ ಇದ್ದದ್ದೂ ಕೆಡತೈತಿ. ಬೆಳಗಾಗೋದ್ರಾಗ ಒಣಗತೈತಿ, ಕುಂತು ಹೋಗಿ ಬರ್ರಿ. ಆ ಜಾಗ ಮಾತ್ರ ಮತ್ತ ತೊಳದು ಹೊಡೀಬೇಕು," ಎಂದರು ಮೇಸ್ತ್ರಿ. ಅವರ ಮುಖ ಸಪ್ಪಗಾಗಿತ್ತು.

ಅಪ್ಪ ಮಕ್ಕಳ ಕಡೆ ತಿರುಗಿದ. ಗಂಗೋತ್ರಿ ಚಕ್ರದ ಪಕ್ಕದ ಕಾಗದ ಎತ್ತಿ ಹಿಡಿದಳು.

"ಇವನೇ ಅಪ್ಪ. ಡ್ಯೂಟಿ ಬಿಟ್ಟು ಮಿರ್ಚಿ ತಿನ್ನಕ್ಕೋಗಿದ್ದ. ಅದೇ ಕೈಯಾಗೆ ಮುಟ್ಟವ್ನೆ. ನಾನು ಒಂದ್ ಬೆರಳೂ ತಾಗಿಸಿಲ್ಲ. ನೇಮಕಲ್ಲು ಆಂಜನೇಯನ ಆಣೆಗೂ."

ಸೀಗೆಕಾಯಿಯಲ್ಲಿ ಮಿಂದ ಅವಳ ಕೂದಲು ಗಾಳಿಗೆ ಘಮಘಮ ಹಾರುತ್ತಿತ್ತು. ಗೋವರ್ಧನ್ ಆ ಕೂದಲನ್ನು ನೋಡಿದ.

"ಏನ್ಲಾ, ನಿಜವಾ?" ಅಪ್ಪ ಕೇಳಿದ.

"ಮಿರ್ಚಿಗೆ ಹೋಗಿದ್ದು ನಿಜ," ಎಂದ ಗೋವರ್ಧನ್, ನೆಲ ನೋಡುತ್ತಾ.

"ಸರಿ. ನಾಳೆ ನೀನು ನೇಮಕಲ್ಲಿಗೆ ಬರೋದೇ ಬ್ಯಾಡ. ಮನೇಲಿದ್ದು ಪ್ಯಾಂಟ್ ಬಂಡಲ್ ಕಟ್ಟು."

ಗಂಗೋತ್ರಿಗೆ ಫ್ರಂಟ್ ಸೀಟು ಸಿಕ್ಕಿತು. ಆದರೆ ಅಣ್ಣ ಬರುವುದೇ ಬೇಡ ಎಂದು ಅವಳು ಕೇಳಿರಲಿಲ್ಲ. ರಾತ್ರಿ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದಳು.

ಬೆಳಗ್ಗೆ ಎಲ್ಲರಿಗಿಂತ ಮೊದಲು ರೆಡಿಯಾಗಿ ಕಾರಿನ ಹತ್ತಿರ ಬಂದಳು. ಬಣ್ಣ ಒಣಗಿ ಮಿರಿಮಿರಿ ಹೊಳೆಯುತ್ತಿತ್ತು. ಹಿಂದಿನ ಸೀಟನ್ನು ಒಂದು ಸಲ ನೋಡೋಣ ಎಂದು ಆಚೆ ಬದಿಯ ಬಾಗಿಲು ತೆರೆದಳು.

ಕಾಫಿ ಬಣ್ಣದ ನಡುವೆ ಬಣ್ಣ ಹಿಡಿಯದ ಜಾಗ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಗುಂಡಗೆ ಒಂದು ತಲೆ. ಆ ಕಡೆ ಒಂದು, ಈ ಕಡೆ ಒಂದು ಜಡೆ. ಜಡೆಯ ತುದಿಯಲ್ಲಿ ರಿಬ್ಬನ್ನಿನ ಗಂಟು ಕೂಡ.

ಗಂಗೋತ್ರಿಯ ಕೈ ತಾನಾಗಿಯೇ ತಲೆಗೆ ಹೋಯಿತು. ಬೆರಳು ತಾಗಿಸಿರಲಿಲ್ಲ, ಅದು ಸತ್ಯ. ಆದರೆ ಆಂಜನೇಯ ಬೆರಳನ್ನು ಮಾತ್ರ ನೋಡುತ್ತಾನೆಯೇ? ಓಡಿಹೋಗಿ ಒಂದು ಜೀನ್ಸ್ ತುಂಡು ತಂದು ಅದರ ಮೇಲೆ ಹಾಸಿದಳು. ಮುಂದೆ ಹೋಗಿ ಕೂತು ನೆಟ್ಟಗೆ ರಸ್ತೆಯನ್ನೇ ನೋಡತೊಡಗಿದಳು.

ಅಪ್ಪ ಬಂದ. ಅಮ್ಮ ಹೂವು ಹಣ್ಣಿನ ಬುಟ್ಟಿ ಹಿಡಿದು ಹತ್ತಿದಳು. ಕೊನೆಗೆ ಅಜ್ಜಿ ಬಂದು ಬಟ್ಟೆಯ ಮೂಲೆ ಎತ್ತಿ ನೋಡಿದಳು. ಹಿಂದಿನ ದಿನ ಎಣ್ಣೆ ಹಚ್ಚಿದವಳು ಅವಳೇ, ಆ ಜಡೆ ಹಾಕಿದವಳೂ ಅವಳೇ.

"ಒಸಿ ಆ ಕಡೀಕೆ ಸರ್ಕೋ," ಎಂದಳು ಅಮ್ಮನಿಗೆ. "ಇಲ್ಲಿ ಆಗ್ಲೇ ಯಾರೋ ಮಲಗವ್ರೆ."

ಗಂಗೋತ್ರಿಯ ಕಿವಿ ಬಿಸಿಯಾಯಿತು. ಮನೆಯ ಮೆಟ್ಟಿಲ ಮೇಲೆ ಗೋವರ್ಧನ್ ಪ್ಯಾಂಟುಗಳ ಗುಡ್ಡೆಯ ನಡುವೆ ಕೂತು ಬಂಡಲ್ ಕಟ್ಟುತ್ತಿದ್ದ. ಕಾರಿನ ಕಡೆ ನೋಡುತ್ತಲೂ ಇರಲಿಲ್ಲ.

ಅಪ್ಪ ಕೀ ತಿರುಗಿಸಿದ. ಗಂಗೋತ್ರಿ ಬಾಗಿಲು ತೆರೆದು ಇಳಿದೇಬಿಟ್ಟಳು.

"ಅಪ್ಪ, ಅದು ನನ್ನ ತಲೆ."

"ಯಾವ್ದಮ್ಮಿ?"

ಅವಳು ಜೀನ್ಸ್ ತುಂಡನ್ನು ಪೂರ್ತಿ ಎಳೆದಳು. ಅಪ್ಪ ಹಿಂದಕ್ಕೆ ಬಗ್ಗಿ ನೋಡಿದ. ಅಮ್ಮನೂ ನೋಡಿದಳು. ಅಪ್ಪನಿಗೆ ಸಿಟ್ಟು ಮಾಡಬೇಕೆಂದು ಇತ್ತೋ ಏನೋ, ಆದರೆ ನಗು ಮುಂಚೆ ಬಂತು. ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ.

"ಬೆರಳು ತಾಗಿಸಿಲ್ಲ ಅಂತ ಆಣೆ ಬೇರೆ ಇಟ್ಟೆ. ಮಿಕ್ಕಿದ್ದೆಲ್ಲ ತಾಗಿಸಿದ್ಯಲ್ಲೇ."

ಗಂಗೋತ್ರಿಗೆ ನಗು ಬರಲಿಲ್ಲ. ಕಣ್ಣು ತುಂಬಿತು. ಮೆಟ್ಟಿಲ ಹತ್ತಿರ ಹೋಗಿ ಅಣ್ಣನ ಕೈಯಲ್ಲಿದ್ದ ಹುರಿಯನ್ನು ಕಿತ್ತುಕೊಂಡು, "ಸಾರಿ. ನೀನು ಮುಂದೆ ಕೂತ್ಕೋ," ಎಂದಳು. ಅವನು ಅಪ್ಪನ ಕಡೆ ನೋಡಿದ. ಅಪ್ಪ ಬಾ ಎಂದು ತಲೆ ಆಡಿಸಿದ.

ಕಾರು ಹೊರಟಿತು. ಅಮ್ಮ ಅಜ್ಜಿಯರ ನಡುವೆ, ತನ್ನದೇ ತಲೆಯ ಗುರುತಿನ ಮೇಲೆ ಗಂಗೋತ್ರಿ ಮುದುರಿ ಕೂತಳು. ಮುಂದಿನ ಗಾಳಿಯೆಲ್ಲ ಅಣ್ಣನ ಅಂಗಿಯೊಳಗೆ ಹೋಗುತ್ತಿತ್ತು. ಊರು ದಾಟಿದ ಮೇಲೆ ಅವಳು ಅವನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ನಾನು ಮಲಗಿದ್ದು ನೀನು ನೋಡಿದ್ಯಾ?"

"ನೋಡ್ದೇ ಏನು? ಬಾಯಿ ತಕ್ಕೊಂಡು ಮಲಗಿದ್ದೆ. ಒಂದು ನೊಣ ಒಳಕ್ಕೆ ಹೋಗ್ಲಾ ಬ್ಯಾಡ್ವಾ ಅಂತ ಯೋಚನೆ ಮಾಡ್ತಿತ್ತು. ಅಜ್ಜಿ ಕೂಗೋಗಂಟ ಬೀಸಿ ಬೀಸಿ ಕೈ ನೋವು ಬಂತು. ಕೂಗಿದ್ ತಕ್ಷಣ ಓಡೋದೆ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಜೋರಾಗಿ ಹೇಳ್ತಿದ್ದೆ. ನಡುವೆ ಜಾಗ ಎಲ್ಲಿತ್ತು?"

ಗಂಗೋತ್ರಿ ಹಿಂದಕ್ಕೆ ಒರಗಿದಳು. ಬಾನೆಟ್ ಮೇಲಿದ್ದ ಆ ಮಿರ್ಚಿ ನೆನಪಾಯಿತು. ಯಾರೂ ಅದನ್ನು ಮರೆತು ಹೋಗಿರಲಿಲ್ಲ. ಬಾಣಲೆಯಿಂದ ತೆಗೆದ ಬಿಸಿ ಮಿರ್ಚಿ ಅಷ್ಟು ತಣ್ಣಗಾಗುವ ತನಕ ಅಣ್ಣ ಅಲ್ಲೇ ಬಾಗಿಲಲ್ಲಿ ನಿಂತು ನೊಣ ಓಡಿಸಿದ್ದ.

ದೂರದಲ್ಲಿ ಕಣೇಕಲ್ಲು ಕೆರೆ ಬೆಳ್ಳಗೆ ಹೊಳೆಯಿತು. ಮೊದಲು ಕಂಡದ್ದು ಗೋವರ್ಧನನಿಗೇ.

"ಅಪ್ಪ, ಮಿರ್ಚಿ ಬಂಡಿ ಸಿಕ್ಕಿದ್ರೆ ನಿಲ್ಸು," ಎಂದಳು ಗಂಗೋತ್ರಿ.

"ದರ್ಶನ ಆಗೋಗಂಟ ಏನೂ ತಿನ್ನಂಗಿಲ್ಲ," ಎಂದಳು ಅಜ್ಜಿ. "ಆಗ್ಲೇ ಹಸಿವಾ ನಿಂಗೆ?"

"ನಂಗಲ್ಲ ಅಜ್ಜಿ. ದರ್ಶನ ಆದ್ಮೇಲೇ ಕೊಡ್ಸಿ," ಎಂದಳು ಗಂಗೋತ್ರಿ. "ಆದ್ರೆ ಬಿಸಿಬಿಸಿ ಇರ್ಬೇಕು."