ಸಿಂಗಾರಿಯ ಬೆರಳಿಗೆ ಮರದ ಗೆರೆಯ ಉಂಗುರ

ಬಹಳ ಹಿಂದೆ, ಏಳು ಹೊಳೆಗಳಾಚೆಯ ಸೋಮಶಿಲೆ ಎಂಬ ರಾಜ್ಯದಲ್ಲಿ ಇಂದುಕೇತು ಎಂಬ ರಾಜಕುಮಾರನಿದ್ದ. ನೋಡಲು ಚೆಂದ, ಕತ್ತಿ ಹಿಡಿದರೆ ಶೂರ. ಕೇಳಬೇಕಾದ್ದನ್ನು ಕೇಳುವ ಬುದ್ಧಿಯೊಂದು ಇರಲಿಲ್ಲ.

ಅವನಿಗೂ ದೋಣಿ ನಡೆಸುವ ಸಿಂಗಾರಿಗೂ ಮದುವೆ ಗೊತ್ತಾಯಿತು. ಅವಳಿಂದ ಬೇಡವೆನಿಸಿಕೊಂಡಿದ್ದ ಮಾಂತ್ರಿಕ ಮಂಡೂಕಭೈರವ ಹೊಟ್ಟೆಕಿಚ್ಚಿನಿಂದ ಅವಳಿಗೆ ಶಾಪ ಹಾಕಿದ.

"ಉಂಗುರದ ಬೆರಳಿನಿಂದ ಶುರುವಾಗಿ ನೀನು ಮರವಾಗುತ್ತಾ ಹೋಗು. ಮೂರನೆಯ ದಿನ ಹೊತ್ತು ಮುಳುಗಿದಾಗ ಗೊಂಬೆಯಾಗಿ ನನ್ನ ಪಡಸಾಲೆಯಲ್ಲಿ ನಿಲ್ಲು."

ಪ್ರತಿ ಶಾಪಕ್ಕೂ ಬಿಡುಗಡೆ ಹೇಳಲೇಬೇಕೆಂಬುದು ಆ ರಾಜ್ಯದ ಕಟ್ಟಳೆ. ಅವನು ಗೊಣಗುತ್ತಲೇ ಸೇರಿಸಿದ: "ಮರದ ಗೆರೆಯುಳ್ಳ ಲೋಹದ ಉಂಗುರ ಆ ಬೆರಳಿಗೆ ಸರಿಯಾಗಿ ಕೂತರೆ ಶಾಪ ನನಗೇ ತಿರುಗಲಿ." ಅಂಥದ್ದು ಎಲ್ಲೂ ಇಲ್ಲವೆಂದುಕೊಂಡಿದ್ದ.

ಇತ್ತು. ಬೆಟ್ಟದ ಮೇಲಿನ ಬೊಮ್ಮಕ್ಕಜ್ಜಿ ಹರೆಯದಲ್ಲಿ ಹಡಗು ಹತ್ತಿ ಹೋಗಿ ಜಪಾನಿನಲ್ಲಿ ಆ ಕಸುಬು ಕಲಿತಿದ್ದಳು. ಬೆಳ್ಳಿ, ತಾಮ್ರ, ಚಿನ್ನದ ತಗಡುಗಳನ್ನು ಒಂದರ ಮೇಲೊಂದಿಟ್ಟು, ಕರಗದಂತೆ ಕಾಯಿಸಿ, ಬಡಿದು ಒಂದಾಗಿಸಿ, ತಿರುಚಿ ಕೆತ್ತುತ್ತಿದ್ದಳು. ಆಗ ಒಳಪದರಗಳು ಮರದ ಗೆರೆಯಂತೆ ಮೇಲೆ ಕಾಣುತ್ತಿದ್ದವು.

ಮೊದಲ ದಿನವೇ ಇಂದುಕೇತು ಅಲ್ಲಿಗೆ ಹೊರಟ. ಅಜ್ಜಿಯ ಮನೆಗೆ ಹೋಗುವ ಸೇತುವೆಯನ್ನು ಕಂಚಿನ ಹುಲಿ ಕಾಯುತ್ತಿತ್ತು.

"ಬೆರಳಿನ ಅಳತೆ?" ಎಂದಿತು ಹುಲಿ.

"ನನ್ನ ಕಿರುಬೆರಳಿನಷ್ಟಿರಬಹುದು," ಎಂದ ಇಂದುಕೇತು.

ಹುಲಿ ನಿಟ್ಟುಸಿರು ಬಿಟ್ಟು ದಾರಿ ಬಿಟ್ಟಿತು. ಅಂದು ಸಂಜೆ, ಅಜ್ಜಿ ಆ ಅಳತೆಗೆ ಮಾಡಿಕೊಟ್ಟ ಉಂಗುರ ಸಿಂಗಾರಿಯ ಬೆರಳಿನ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಮರ ಮಣಿಕಟ್ಟಿಗೆ ಬಂದಿತ್ತು.

"ದಿನವಿಡೀ ಹುಟ್ಟು ಹಾಕುವ ಕೈ ಇದು," ಎಂದಳು ಸಿಂಗಾರಿ. "ಒಂದು ನೂಲು ತಂದು ಅಳೆಯಬಾರದಿತ್ತೇ?"

"ನಿಶ್ಚಿತಾರ್ಥಕ್ಕೆ ಮುಂಚೆ ಹೆಣ್ಣಿನ ಬೆರಳು ಅಳೆಯಬಾರದು. ಉಂಗುರ ಗಂಡಿನ ಮನೆಯವರೇ ಆರಿಸಬೇಕು. ಅರಮನೆಯ ಪದ್ಧತಿ. ಅಮ್ಮ ಒಪ್ಪುವುದಿಲ್ಲ."

"ಮರವಾಗುತ್ತಿರುವುದು ನಿಮ್ಮ ಅಮ್ಮನ ಕೈಯಲ್ಲವಲ್ಲ."

ಎರಡನೆಯ ದಿನ ಅವನು ಮತ್ತೆ ಸೇತುವೆಗೆ ಹೋದ.

"ಬೆರಳಿನ ಅಳತೆ?"

"ಅಮ್ಮನ ಹೆಬ್ಬೆರಳಿನದು ತಂದಿದ್ದೇನೆ."

ಹುಲಿ ಕಣ್ಣು ಮುಚ್ಚಿಕೊಂಡು ದಾರಿ ಬಿಟ್ಟಿತು. ಹಳೆಯದನ್ನೇ ಹಿಗ್ಗಿಸೆಂದರೆ ಅಜ್ಜಿ, "ಹಿಗ್ಗಿಸಿದರೆ ಪದರ ಬಿಡುತ್ತದೆ, ಮಗಾ," ಎಂದು ಬೇರೆಯೇ ಮಾಡಿಕೊಟ್ಟಳು. ಅದು ಸಿಂಗಾರಿಯ ಬೆರಳಿನಿಂದ ಜಾರಿ ಹೊಳೆಗೆ ಬಿತ್ತು. ಮರ ಭುಜಕ್ಕೆ ಬಂತು.

ಮೂರನೆಯ ಬೆಳಗ್ಗೆ ಸಿಂಗಾರಿ ತಾನೇ ಅವನ ಕುದುರೆಯ ಮುಂದೆ ಬಂದು ನಿಂತಳು. "ನಾನೂ ಬರುತ್ತೇನೆ. ಎತ್ತಿ ಕೂರಿಸಿ."

"ಆದರೆ ಪದ್ಧತಿ..."

"ಎತ್ತಿ ಕೂರಿಸಿ."

ಎತ್ತಿ ಕೂರಿಸಿದ.

ಹುಲಿ ಅವಳನ್ನು ನೋಡಿ, "ಸದ್ಯ, ಬೆರಳೇ ಬಂತಲ್ಲ," ಎಂದು ಏನೂ ಕೇಳದೆ ದಾರಿ ಬಿಟ್ಟಿತು.

ಅಜ್ಜಿ ಆಗಲೇ ಗೆರೆ ಮೂಡಿಸಿಟ್ಟಿದ್ದ ಮೂರು ತುಂಡುಗಳನ್ನು ಮುಂದಿಟ್ಟಳು. ಚಿನ್ನ ಹೆಚ್ಚಿದ್ದ ತುಂಡಿನತ್ತ ಇಂದುಕೇತುವಿನ ಕೈ ಹೋಯಿತು. ಸಿಂಗಾರಿ ಅವನ ಮುಖವನ್ನೇ ನೋಡಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಜನ್ಮದಲ್ಲಿ ಮೊದಲ ಸಲ ಕೇಳಿದ: "ನಿನಗೆ ಯಾವುದು ಇಷ್ಟ?"

"ತಾಮ್ರ, ಬೆಳ್ಳಿಯದು. ಹುಟ್ಟು ಎತ್ತಿದಾಗ ನೀರಿನ ಸುಳಿ ಹೀಗೇ ಬಿಚ್ಚಿಕೊಳ್ಳುತ್ತದೆ."

ಅವನು ತನ್ನ ಶಲ್ಯದಿಂದ ನೂಲು ಕಿತ್ತು, ಅವಳ ಬೆರಳಿಗೆ ಸುತ್ತಿ, ಅಳತೆ ಹಿಡಿದ. ಅಜ್ಜಿ ಬಡಿದಳು, ಬಾಗಿಸಿದಳು, ಉಜ್ಜಿದಳು. ಮರ ಸಿಂಗಾರಿಯ ಕುತ್ತಿಗೆಗೆ ಬಂತು. ಬಾಯಿಗೆ ಬಂದಿರಲಿಲ್ಲವಾದ್ದರಿಂದ ಅವಳು, "ಮೊದಲ ದಿನವೇ ಇಷ್ಟು ಮಾಡಿದ್ದರೆ," ಎಂದು ಬೈಯುತ್ತಲೇ ಇದ್ದಳು.

ಹೊತ್ತು ಬೆಟ್ಟದಂಚಿಗೆ ತಾಗಿದಾಗ ಇಂದುಕೇತು ಉಂಗುರ ತೊಡಿಸಿದ. ಅದು ಗೆಣ್ಣು ದಾಟಿ ಬುಡದಲ್ಲಿ ಕೂತಿತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಮರದ ಗೆರೆಗಳೆಲ್ಲ ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ಇಳಿದು ಉಂಗುರದೊಳಗೆ ಸೇರಿಕೊಂಡವು. ಅತ್ತ ಮಂಡೂಕಭೈರವ ತನ್ನ ಪಡಸಾಲೆಯಲ್ಲೇ ಮರವಾಗಿ ನಿಂತ. ಅವನನ್ನು ಹೊಳೆದಂಡೆಗೆ ತಂದು ನೆಟ್ಟರು; ಈಗ ಸಿಂಗಾರಿ ದೋಣಿ ಕಟ್ಟುವುದು ಅವನಿಗೇ.

ಇಂದುಕೇತುವಿನ ಅಮ್ಮ, ರಾಣಿ, ಬೆರಳು ಅಳೆಯಬಾರದೆಂಬ ಪದ್ಧತಿಯನ್ನು ತೆಗೆದುಹಾಕಿದಳು. ಹುಲಿಯ ಕೊರಳಿಗೆ ನೂಲಿನ ಉಂಡೆ ಕಟ್ಟಿಸಿದಳು. ಮದುವೆಯಾಯಿತು, ಗಂಡ ಹೆಂಡತಿ ಸುಖವಾಗಿ ಬಾಳಿದರು.

ಒಂದೇ ಕಷ್ಟ. ಕೇಳುವುದನ್ನು ಕಲಿತ ಇಂದುಕೇತು ಈಗ ಯಾವ ರುಮಾಲು ಸುತ್ತಲಿ, ಯಾವ ಕುದುರೆ ಹತ್ತಲಿ ಎಂದು ಎಲ್ಲವನ್ನೂ ಕೇಳುತ್ತಾನೆ. ಸಿಂಗಾರಿ ಉಂಗುರದ ಬೆರಳಿನಿಂದ ಹಣೆ ಚಚ್ಚಿಕೊಂಡು, ಆಮೇಲೆ ಹೇಳುತ್ತಾಳೆ.